ಹೂಗುಚ್ಛದ ಗುಲಾಬಿ, ಗುಲ್ಕಂದದ ಗುಲಾಬಿ

ಕಳೆದ ತಿಂಗಳು ನಮ್ಮ ಬಡಾವಣೆಯವರು ನನಗೊಂದು ಶಾಲು ಹೊದಿಸಿ, ಕೆಂಪು ಗುಲಾಬಿಗಳ ದೊಡ್ಡ ಹೂಗುಚ್ಛ ಕೊಟ್ಟರು. ಎಪ್ಪತ್ತೈದು ತುಂಬಿದ್ದಕ್ಕೆ, ಬೇರೆ ಸಾಧನೆಯೇನೂ ಇಲ್ಲ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಆರನೇ ತರಗತಿಯ ಮೊಮ್ಮಗಳು ಅಷ್ಟೂ ಹೂಗಳ ಎಸಳು ಬಿಡಿಸಿ, ಸಕ್ಕರೆ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಾಳೆ.

"ತಾತ, ಗುಲ್ಕಂದ ಮಾಡ್ತಿದೀನಿ. ನಿಮಗೆ ಉಷ್ಣ ಆಗಿದೆ ಅಂತ ಅಜ್ಜಿ ಹೇಳಿದ್ರಲ್ಲ!"

ಒಂದು ಎಸಳು ಆಗಲೇ ಬಾಯಿಗೆ ಹೋಗುವುದರಲ್ಲಿತ್ತು. ಕೈ ಹಿಡಿದು ತಡೆದೆ. ಹುಡುಗಿಯ ಮುಖ ಬಾಡಿತು. ಗುಲಾಬಿ ಔಷಧ ಎಂದು ಕಥೆ ಹೇಳಿದವನೂ ನಾನೇ, ತಿನ್ನಬೇಡ ಎಂದವನೂ ನಾನೇ. ಹಾಗಾಗಿ ಕಾರಣ ಹೇಳಲೇಬೇಕಾಯಿತು.

"ಮೂಸಿ ನೋಡು" ಎಂದೆ. ಮೂಸಿದಳು. ವಾಸನೆಯೇ ಇಲ್ಲ! ಈ ಹೂಗಳನ್ನು ಪಾಲಿಹೌಸಿನಲ್ಲಿ ಬೆಳೆಸುವುದು ಉದ್ದ ಕಾಂಡಕ್ಕೆ, ಒಳ್ಳೆಯ ಬಣ್ಣಕ್ಕೆ, ವಾರಗಟ್ಟಲೆ ಬಾಡದೆ ನಿಲ್ಲಲಿ ಎಂದು. ತಿನ್ನುವುದಕ್ಕಲ್ಲ. ಹುಳುವಿಗೆ, ಬೂಷ್ಟಿಗೆ ಔಷಧ ಹೊಡೆಯುತ್ತಲೇ ಇರುತ್ತಾರೆ. ಅದರಲ್ಲಿ ಕೆಲವು ಗಿಡದೊಳಕ್ಕೇ ಇಳಿಯುವುದರಿಂದ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಗುಲ್ಕಂದದ ಗುಲಾಬಿಯೇ ಬೇರೆ. ನಾವು ಪನ್ನೀರು ಗುಲಾಬಿ ಎನ್ನುತ್ತೇವಲ್ಲ, ಅದು. ಡಮಾಸ್ಕ್ ಗುಲಾಬಿಯ ವಂಶದ್ದು. ತಿಳಿ ಗುಲಾಬಿ ಬಣ್ಣ, ತೆಳು ಎಸಳು, ಕಿತ್ತ ಸಂಜೆಗೇ ಸೊರಗುವ ಸ್ವಭಾವ. ನೋಡಲು ಅಂಥ ಚೆಂದವೇನಲ್ಲ, ಆದರೆ ಘಮ ಬೀದಿಯವರೆಗೂ ಬರುತ್ತದೆ. ಆಯುರ್ವೇದದ 'ಭಾವಪ್ರಕಾಶ' ಗ್ರಂಥ ಗುಲಾಬಿಯನ್ನು ಶತಪತ್ರೀ, ತರುಣೀ ಎಂದು ಕರೆದು ಶೀತ ಗುಣದ್ದೆಂದು ಹೇಳುತ್ತದೆ. ಬೇಸಿಗೆಯ ಉಷ್ಣಕ್ಕೆ, ಮಲಬದ್ಧತೆಗೆ, ಊಟವಾದ ಮೇಲೆ ಒಂದು ಚಮಚ ಗುಲ್ಕಂದ ತಿನ್ನುವ ರೂಢಿ ಬಂದದ್ದು ಹೀಗೆ. ಎಸಳಿನಲ್ಲಿ ಒಗರು ಅಂಶವೂ ಇದೆ. ಬಾಯಿಹುಣ್ಣಾದಾಗ ನನ್ನ ತಾಯಿ ಒಣ ಎಸಳು ಕುದಿಸಿದ ನೀರಿನಲ್ಲಿ ಮುಕ್ಕಳಿಸಲು ಹೇಳುತ್ತಿದ್ದರು. ಬಾಯೆಲ್ಲ ಹಿಡಿದುಕೊಂಡ ಹಾಗಾಗುತ್ತಿತ್ತು, ನೋವೂ ಸ್ವಲ್ಪ ತಗ್ಗುತ್ತಿತ್ತು.

ಮಕ್ಕಳೇ, ಹೆಸರಿನ ಗಮ್ಮತ್ತು ಕೇಳಿ. ಪಾರಸಿಯಲ್ಲಿ 'ಗುಲ್' ಎಂದರೆ ಹೂವು, 'ಕಂದ್' ಎಂದರೆ ಸಕ್ಕರೆ. 'ಆಬ್' ಎಂದರೆ ನೀರು. ಗುಲಾಬ್ ಎಂದರೆ ಮೊದಲಿಗೆ ಹೂವಿನ ನೀರು, ಅಂದರೆ ಪನ್ನೀರು! ನೀರಿನ ಹೆಸರೇ ನಮ್ಮಲ್ಲಿ ಹೂವಿಗೆ ಬಂದು ಕೂತಿದೆ.

ಆ ನೀರಿನ ಬಗ್ಗೆ ನನ್ನದೊಂದು ಹಳೇ ಬಾಕಿ ಇದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಈಗಲೂ ಎಸಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಂದಿಗೆ ಕಾಯಿಸಿ, ಹಬೆಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ ತಣಿಸುತ್ತಾರೆ. ಅದು ಅಸಲಿ ಪನ್ನೀರು. ಒಂದು ಕಿಲೋ ಗುಲಾಬಿ ಎಣ್ಣೆಗೆ 3,000 ಕಿಲೋಗೂ ಹೆಚ್ಚು ಎಸಳು ಬೇಕು. ಹೀಗಿರುವಾಗ ಅಗ್ಗದ ಸೀಸೆಯಲ್ಲಿ ಏನಿರುತ್ತದೆ? ಬಹಳ ಸಲ ಬರೀ ನೀರು, ಕೃತಕ ಪರಿಮಳ. ನನಗೆ ಆಗ ಅಷ್ಟು ತಿಳಿಯಲಿಲ್ಲ. ಬ್ಯಾಂಕಿನಲ್ಲಿ ವರ್ಷಾಂತ್ಯದ ಲೆಕ್ಕ, ರಾತ್ರಿ ಹತ್ತರವರೆಗೆ ಲೆಡ್ಜರು, ಕಣ್ಣು ಕೆಂಡ. ಹಿರಿಯರು ಹಾಕುತ್ತಿದ್ದರಲ್ಲ ಎಂದು ಅಂಗಡಿಯ ಪನ್ನೀರನ್ನು ಕಣ್ಣಿಗೆ ಬಿಟ್ಟುಕೊಂಡೆ. ಎರಡು ದಿನದಲ್ಲಿ ರೆಪ್ಪೆ ಅಂಟಿಕೊಂಡು, ಎಡಗಣ್ಣು ತೆರೆಯಲಾಗದೆ ಹೋಯಿತು. ಕಣ್ಣಿನ ವೈದ್ಯರು ಸೀಸೆ ತರಿಸಿ ನೋಡಿ, "ಇದು ಮದುವೆ ಮನೆಯಲ್ಲಿ ಚಿಮುಕಿಸೋದು ಸ್ವಾಮಿ, ಕಣ್ಣಿನ ಔಷಧ ಅಲ್ಲ" ಎಂದು ಚೆನ್ನಾಗಿ ಬೈದರು. ಹದಿನೈದು ದಿನ ರಜೆ. ಅಂದಿನಿಂದ ಪನ್ನೀರು ನನಗೆ ಮೈಮೇಲೆ ಮಾತ್ರ.

ಮೊಮ್ಮಗಳಿಗೆ ಕಣ್ಣಿನ ಕಥೆಗಿಂತ ಹೆಚ್ಚು ಹಿಡಿಸಿದ್ದು ಕಾಯಿಯ ಕಥೆ. ಹೂ ಉದುರಿದ ಮೇಲೆ ಕೆಲವು ಜಾತಿಯ ಗುಲಾಬಿಗಳಲ್ಲಿ ಕೆಂಪು ಕಾಯಿ ಬಿಡುತ್ತದೆ, ಅದರಲ್ಲಿ ಸಿ ವಿಟಮಿನ್ ಹೇರಳ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಹಡಗಿನಲ್ಲಿ ಬರುತ್ತಿದ್ದ ಕಿತ್ತಳೆ ಕಡಿಮೆಯಾದಾಗ, ಶಾಲಾ ಮಕ್ಕಳು ಬೇಲಿಗಳಿಂದ ಕಾಡುಗುಲಾಬಿಯ ಕಾಯಿ ಆರಿಸಿ ಕೊಟ್ಟರು. ಅದರಿಂದ ಪಾನಕದಂಥ ಸಿರಪ್ ಮಾಡಿ ಎಳೆಯ ಮಕ್ಕಳಿಗೆ ಕುಡಿಸಿದರು. ಕಾಯೊಳಗಿನ ರೋಮವನ್ನು ಮಾತ್ರ ಚೆನ್ನಾಗಿ ಸೋಸಬೇಕು, ಇಲ್ಲದಿದ್ದರೆ ತುರಿಕೆ. ಅಲ್ಲಿನ ತುಂಟರು ಆ ರೋಮವನ್ನು ಗೆಳೆಯರ ಅಂಗಿಯೊಳಗೆ ಹಾಕುತ್ತಿದ್ದರಂತೆ. ಇದನ್ನು ಹೇಳಬಾರದಿತ್ತೇನೋ!

ಕೊನೆಗೆ ಹೂಗುಚ್ಛದ ಎಸಳೆಲ್ಲ ಗೊಬ್ಬರದ ಗುಂಡಿಗೆ ಹೋಯಿತು. ಔಷಧ ಹೊಡೆಯದ ಪನ್ನೀರು ಗುಲಾಬಿ ಗಿಡವಿರುವ ಪರಿಚಿತರ ಹಿತ್ತಿಲಿನಿಂದ ಒಂದು ಬುಟ್ಟಿ ಹೂ ತಂದೆವು. ತೊಳೆದು, ನೆರಳಿನಲ್ಲಿ ಹನಿ ನೀರೂ ಉಳಿಯದಂತೆ ಆರಿಸಿದೆವು. ನೀರು ಉಳಿದರೆ ಬೂಷ್ಟು ಖಂಡಿತ. ತೂಗಿದರೆ ಎಸಳು 200 ಗ್ರಾಂ. ಅಷ್ಟೇ ತೂಕದ ಕಲ್ಲುಸಕ್ಕರೆ ಪುಡಿ. ಹೆಚ್ಚು ಕಾಲ ಇಡುವವರು ಎರಡರಷ್ಟು ಹಾಕುತ್ತಾರೆ. ಕೈಯಲ್ಲಿ ಸ್ವಲ್ಪ ಹಿಸುಕಿ, ಗಾಜಿನ ಭರಣಿಯಲ್ಲಿ ಒಂದು ಪದರ ಎಸಳು, ಒಂದು ಪದರ ಸಕ್ಕರೆ. ಸಕ್ಕರೆ ಎಸಳಿನ ನೀರನ್ನು ಹೀರಿ ಹೊರಗೆಳೆಯುತ್ತದೆ, ಕೆಡಿಸುವ ಜೀವಾಣುಗಳಿಗೂ ನೀರು ಸಿಗದಂತೆ ಮಾಡುತ್ತದೆ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವೇ ಇದು. ಕೆಲವರು ಜೇನೂ ಸೇರಿಸುತ್ತಾರೆ. ಅಂಥದನ್ನು ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸಬೇಡಿ, ಜೇನು ಆ ವಯಸ್ಸಿಗೆ ಅಪಾಯ.

ಈಗ ಭರಣಿ ಮಹಡಿಯ ಬಿಸಿಲಿನಲ್ಲಿದೆ, ಇರುವೆ ಬಾರದಂತೆ ನೀರಿನ ತಟ್ಟೆಯ ನಡುವೆ. ಮೂರು ವಾರ ಬೇಕು. ಮೊಮ್ಮಗಳು ದಿನವೂ ಒಣ ಚಮಚದಲ್ಲಿ ಕಲಕಿ, ಬಣ್ಣ ಹೇಗಾಯಿತೆಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆಯುತ್ತಾಳೆ. ಇವತ್ತು ಹನ್ನೊಂದನೇ ದಿನ: "ಕಂದು ಕೆಂಪು, ಅಂಟು". ಕೊನೆಯ ಪುಟದಲ್ಲಿ ಹಂಚಿಕೆಯ ಪಟ್ಟಿಯೂ ಸಿದ್ಧವಾಗಿದೆ. ಗುಲ್ಕಂದದಲ್ಲಿ ಅರ್ಧಕ್ಕರ್ಧ ಸಕ್ಕರೆ, ನನಗೋ ಹದಿನೆಂಟು ವರ್ಷದಿಂದ ಸಿಹಿಮೂತ್ರ. ಅದಕ್ಕೇ ನನ್ನ ಹೆಸರಿನ ಮುಂದೆ ಬರೆದಿದ್ದಾಳೆ: "ತಾತ — ಮೂಸುವುದು ಮಾತ್ರ."