ಅಡುಗೆಮನೆಯ ಕಥೆ, ಷಿಕಾಗೋದ ಪಾಠ

ಎ.ಕೆ. ರಾಮಾನುಜನ್ ಹುಟ್ಟಿದ್ದು ಮೈಸೂರಿನಲ್ಲಿ, 1929ರ ಮಾರ್ಚ್ 16ರಂದು. ಆ ಮನೆಯಲ್ಲಿ ಮಹಡಿಗೊಂದು ಭಾಷೆ. ಮೇಲೆ, ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯ ಕೋಣೆಯಲ್ಲಿ ಇಂಗ್ಲಿಷು. ಕೆಳಗೆ ಹೆಂಗಸರ ನಡುವೆ ತಮಿಳು. ಹೊಸ್ತಿಲು ದಾಟಿದರೆ ಕನ್ನಡ. ಅಜ್ಜಿ ಕಥೆ ಹೇಳುತ್ತಿದ್ದುದು ಅಡುಗೆಮನೆಯಲ್ಲಿ, ಮಕ್ಕಳಿಗೆ ತುತ್ತು ಕೊಡುತ್ತ. ಮುಂದೆ ಅವರನ್ನು ಹೆಚ್ಚು ಕಾಡಿದ್ದು ಮಹಡಿಯ ಪುಸ್ತಕಗಳಲ್ಲ, ಈ ತುತ್ತಿನ ಕಥೆಗಳೇ.

ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಕೊಲ್ಲಂ, ಬೆಳಗಾವಿ, ಬರೋಡಗಳಲ್ಲಿ ಮೇಷ್ಟರಾಗಿದ್ದರು. ಕಲಿಸುತ್ತಿದ್ದುದು ಇಂಗ್ಲಿಷು, ಕಿವಿ ಮಾತ್ರ ಊರವರ ಬಾಯಿಯ ಕಡೆಗೆ. ಬೆಳಗಾವಿಯ ವರ್ಷಗಳಲ್ಲಿ ಕನ್ನಡದ ಕಥೆಗಳನ್ನು ಕೇಳಿ ಬರೆದುಕೊಂಡರು. 1955ರಲ್ಲಿ ಗಾದೆಗಳ ಮೇಲೆ ಕನ್ನಡದಲ್ಲೇ ಒಂದು ಪುಸ್ತಕ ಬಂತು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿತು, 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಜಾನಪದ ಅಧ್ಯಯನಕ್ಕೆ ಹೆಸರಾದ ಜಾಗ ಅದು. ಆದರೂ 1963ರಲ್ಲಿ ಅವರಿಗೆ ಡಾಕ್ಟರೇಟ್ ತಂದದ್ದು ಕನ್ನಡ ವ್ಯಾಕರಣದ ಪ್ರಬಂಧ. ಅಷ್ಟರಲ್ಲಾಗಲೇ ಷಿಕಾಗೋ ವಿಶ್ವವಿದ್ಯಾಲಯ ಸೇರಿದ್ದರು. ಕೊನೆಯವರೆಗೂ ಅಲ್ಲೇ ಉಳಿದರು. ಸಂಗಂ ಕವಿತೆ, ವಚನ, ಆಳ್ವಾರರ ಹಾಡುಗಳ ಅನುವಾದಗಳು ಹೆಸರು ತಂದವು. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂದವು.

ಜಾನಪದ ವಿದ್ವಾಂಸರಾಗಿ ಅವರು ಬಿಡದೆ ಕೇಳಿದ್ದು ಒಂದೇ ಪ್ರಶ್ನೆ: ಈ ಕಥೆ ಹೇಳುತ್ತಿರುವವರು ಯಾರು? ಗಂಡಸು ಹೇಳುವ ಕಥೆ ರಾಜಕುಮಾರನ ಮದುವೆಯಲ್ಲಿ ಮುಗಿಯುತ್ತದೆ. ಹೆಂಗಸು ಹೇಳುವ ಕಥೆಯಲ್ಲಿ ಕಷ್ಟ ಶುರುವಾಗುವುದೇ ಮದುವೆಯಾದ ಮೇಲೆ. ಮಗನನ್ನೇ ಮದುವೆಯಾಗುವ ಹಣೆಬರಹದ ಹುಡುಗಿಯ ಕನ್ನಡ ಕಥೆಯೊಂದನ್ನು ಅವರು ಗ್ರೀಕರ ಈಡಿಪಸ್ ಕಥೆಯ ಪಕ್ಕದಲ್ಲಿಟ್ಟು ನೋಡಿದರು. ಗ್ರೀಕ್ ಕಥೆ ಮಗನದು. ಇಲ್ಲಿ ಅದೇ ಸಂಕಟ ತಾಯಿಯದು. ಈಡಿಪಸ್ ಕಥೆಯಿಂದ ಮನಸ್ಸಿನ ಸಿದ್ಧಾಂತ ಕಟ್ಟಿದ ಫ್ರಾಯ್ಡ್‌ನನ್ನು ಕಣ್ಣುಮುಚ್ಚಿ ಒಪ್ಪಿದವರೂ ತಳ್ಳಿಹಾಕಿದವರೂ ಇರುವಾಗ, ಹಳ್ಳಿಯ ಕಥೆಯೊಂದನ್ನು ಮುಂದಿಟ್ಟು ಅವನೊಡನೆ ವಾದಕ್ಕೆ ಕೂತವರು ಅಪರೂಪ.

22 ಭಾಷೆಗಳ ಕಥೆಗಳನ್ನು ಆಯ್ದ ಸಂಕಲನ 1991ರಲ್ಲಿ ಬಂತು. ರಾಮಕಥೆಯ ನಾನಾ ರೂಪಗಳ ಮೇಲಿನ ಅವರ ಪ್ರಬಂಧ ಅಚ್ಚಾದದ್ದೂ ಅದೇ ವರ್ಷ; 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅದನ್ನು ಪಠ್ಯದಿಂದ ಕೈಬಿಟ್ಟಾಗ ದೊಡ್ಡ ಗದ್ದಲವೇ ಆಯಿತು. ರಾಮಾನುಜನ್ ಆಗ ಇರಲಿಲ್ಲ. 1993ರ ಜುಲೈ 13ರಂದು ಷಿಕಾಗೋದಲ್ಲಿ ತೀರಿಕೊಂಡಿದ್ದರು. ಅವರು ಅನುವಾದಿಸಿಟ್ಟಿದ್ದ ಕನ್ನಡ ಕಥೆಗಳನ್ನು ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡಸ್ 1997ರಲ್ಲಿ ಹೊರತಂದರು. ಅದರಲ್ಲಿನ ಹೂಮರವಾಗುವ ಹುಡುಗಿಯ ಕಥೆ 2006ರಲ್ಲಿ ಜಾನ್ ಆಡಮ್ಸ್ ಅವರ ಆಪೆರಾ ಆಗಿ ವಿಯೆನ್ನಾದ ರಂಗ ಏರಿತು.

ಅವರು ಮತ್ತೆ ಮತ್ತೆ ನೆನೆಯುತ್ತಿದ್ದ ಕಥೆ ಇನ್ನೊಂದು. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತು, ಯಾರಿಗೂ ಹೇಳಳು. ಒಳಗೇ ಉಸಿರುಗಟ್ಟಿದ ಅವು ಒಂದು ದಿನ ಹೊರಬಿದ್ದು ಕೋಟು, ಜೋಡು ಆಗಿ ಬಾಗಿಲಲ್ಲಿ ಕೂರುತ್ತವೆ. ಗಂಡನಿಗೆ ಅನುಮಾನ, ಜಗಳ. ಅವನು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಲ್ಲಿ ಆರಿಸಿದ ದೀಪಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಸೇರಿ ಹರಟುವುದುಂಟು. ಅವನ ಮನೆಯ ದೀಪ ತಡವಾಗಿ ಬಂದು ನಿಜ ಹೇಳುತ್ತದೆ. ಬೆಳಿಗ್ಗೆ ಬಂದು ಅದೇನು ಕಥೆ, ಅದೇನು ಹಾಡು ಎಂದು ಹೆಂಡತಿಯನ್ನು ಕೇಳಿದರೆ, ಅವಳಿಗೆ ಎರಡೂ ಮರೆತುಹೋಗಿವೆ.