ಲಿನಕ್ಸ್‌ಗೆ ಬಂದ್ರೆ ಕನ್ನಡ ಟೈಪಿಂಗ್ ಹೊಸದಾಗಿ ಕಲೀಬೇಕಾ?

(ಈ ವಾರದ ಸಂಚಿಕೆಯ ಬರಹ ರೂಪ)

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಓಡಲ್ಲ, ಹೊಸದು ಕೊಳ್ಳೋಕೆ ದುಡ್ಡಿಲ್ಲ ಅನ್ನೋರಲ್ಲಿ ಕೆಲವರು ಉಬುಂಟು ಹಾಕ್ಕೊಳ್ತಾರೆ. ಬ್ರೌಸರ್ ಓಡುತ್ತೆ, ಪಿಡಿಎಫ್ ತೆರೆಯುತ್ತೆ, ಎಲ್ಲಾ ಸರಿ. ಆಮೇಲೆ ಒಂದು ಅರ್ಜಿನೋ ಅಸೈನ್‌ಮೆಂಟೋ ಕನ್ನಡದಲ್ಲಿ ಬರೆಯೋಕೆ ಕೂತರೆ, ಬೆರಳು ಒಂದು ಒತ್ತುತ್ತೆ, ಪರದೆ ಮೇಲೆ ಇನ್ನೊಂದು ಮೂಡುತ್ತೆ. ‘ಲಿನಕ್ಸ್‌ನಲ್ಲಿ ಕನ್ನಡ ಸರಿ ಇಲ್ಲ’ ಅಂತ ಅಲ್ಲೇ ತೀರ್ಪು!

ಕನ್ನಡ ಸರಿಯಾಗೇ ಇದೆ. ಪಟ್ಟಿಯಲ್ಲಿ ಮೊದಲು ಕಂಡ ‘ಕನ್ನಡ’ವನ್ನ ಆರಿಸಿಕೊಂಡಿರ್ತಾರೆ, ಅದು ಅವರ ಬೆರಳಿಗೆ ಗೊತ್ತಿರೋ ಕನ್ನಡ ಆಗಿರಲ್ಲ.

‘ಕನ್ನಡ’ ಅನ್ನೋ ಪದವನ್ನೇ ಟೈಪ್ ಮಾಡಿ ನೋಡೋಣ. ನುಡಿಯಲ್ಲಿ ಕಲಿತವರು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತುತ್ತಾರೆ. ಐದೇ ಕೀ. ಎಫ್ ಅಂದ್ರೆ ಒತ್ತಕ್ಷರ ಮಾಡೋ ಕೀ, ಡಬ್ಲ್ಯೂ ಅಂದ್ರೆ ಡ. ಇದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಕರ್ನಾಟಕ ಸರ್ಕಾರ ಒಪ್ಪಿಕೊಂಡದ್ದು. ಲಿನಕ್ಸ್ ಪಟ್ಟಿಗಳಲ್ಲಿ ಇದಕ್ಕೆ ‘ಕಗಪ’ ಅಥವಾ ‘ಕೆಜಿಪಿ’ ಅಂತ ಹೆಸರು. ಇನ್‌ಸ್ಕ್ರಿಪ್ಟ್ ಕಲಿತವರಿಗೂ ಐದೇ ಕೀ, ಆದರೆ ಬೇರೆಯವು: ಕೆ, ವಿ, ಡಿ, ವಿ, ಆಮೇಲೆ ಪಿ ಪಕ್ಕದ ಚೌಕ ಆವರಣದ ಕೀ. ಉಬುಂಟು ಪಟ್ಟಿಯಲ್ಲಿ ಬರೀ ‘ಕನ್ನಡ’ ಅಂತ ಕಾಣೋದು ಈ ಇನ್‌ಸ್ಕ್ರಿಪ್ಟ್ ಕ್ರಮ. ಇನ್ನು ಫೋನ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸೋರಿಗೆ ಹತ್ತಿರದ್ದು ಐಟ್ರಾನ್ಸ್. ಅಲ್ಲೊಂದು ಎಡವಟ್ಟಿದೆ. ಫೋನ್ ಊಹೆ ಮಾಡುತ್ತೆ, ಐಟ್ರಾನ್ಸ್ ಮಾಡಲ್ಲ. ಸಣ್ಣ ಡಿ ಒತ್ತಿದ್ರೆ ‘ಕನ್ನದ’ ಅಂತಲೇ ಬರುತ್ತೆ, ಶಿಫ್ಟ್ ಹಿಡಿದು ಡಿ ಒತ್ತಿದ್ರೆ ಮಾತ್ರ ‘ಡ’.

ನುಡಿಯ ಅಭ್ಯಾಸ ಇರೋರು ಇನ್ನೊಂದು ವಿಷಯ ಗಮನಿಸಿ. ಉಬುಂಟು ಜೊತೆಗೇ ಬರೋ ಲೇಔಟ್‌ಗಳಲ್ಲೂ ಒಂದು ಕಗಪ ಇದೆ. ಆದರೆ ಆ ಬಗೆಯ ಲೇಔಟ್‌ಗೆ ಒಂದು ಕೀ ಅಂದ್ರೆ ಒಂದು ಅಕ್ಷರ, ಅಷ್ಟೇ ಗೊತ್ತು. ಹಿಂದೆ ಏನು ಬರೆದಿದ್ದೀರಿ ಅಂತ ಅದು ನೋಡಲ್ಲ. ಹಾಗಾಗಿ ‘ಇ’ಗೆ ಒಂದು ಜಾಗ, ‘ಕಿ’ಯ ಗುಡಿಸಿಗೆ ಇನ್ನೊಂದು ಜಾಗ. ನುಡಿಯ ಹಾಗೆ ಒಂದೇ ಐ ಕೀ ಎರಡೂ ಕೆಲಸ ಮಾಡಬೇಕು ಅಂದ್ರೆ ‘ಐಬಸ್-ಎಂ17ಎನ್’ ಅನ್ನೋ ಪ್ಯಾಕೇಜ್ ಹಾಕ್ಕೊಳ್ಳಿ. ಅದು ಹಿಂದಿನ ಅಕ್ಷರ ನೋಡಿ ತೀರ್ಮಾನಿಸುತ್ತೆ. ಹಾಕಿದ ಮೇಲೆ ಒಮ್ಮೆ ಲಾಗೌಟ್ ಆಗಿ ಬನ್ನಿ. ಬರದೇ ಹೋದ್ರೆ ಹೊಸ ಹೆಸರು ಪಟ್ಟಿಯಲ್ಲಿ ಕಾಣಲ್ಲ, ‘ಇನ್‌ಸ್ಟಾಲ್ ಆಗಿಲ್ಲ’ ಅಂದ್ಕೊಂಡು ಮತ್ತೆ ಮತ್ತೆ ಹಾಕ್ತಾ ಕೂರ್ತೀರಿ. ನಂತರ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್. ಪ್ಲಸ್ ಒತ್ತಿ, ಮೂರು ಚುಕ್ಕಿ ಒತ್ತಿ, ಕನ್ನಡ ಅಂತ ಹುಡುಕಿ, ಕೆಜಿಪಿ ಆರಿಸಿ. ಭಾಷೆ ಬದಲಿಸೋಕೆ ವಿಂಡೋಸ್ ಚಿಹ್ನೆಯ ಕೀ ಜೊತೆ ಸ್ಪೇಸ್.

ಪಟ್ಟಿಯಲ್ಲಿ ಇಂಗ್ಲಿಷನ್ನ ಮಾತ್ರ ತೆಗೀಬೇಡಿ, ಮೊದಲನೇ ಸಾಲಲ್ಲೇ ಇರಲಿ. ಕನ್ನಡಾಭಿಮಾನದ ಪ್ರಶ್ನೆ ಅಲ್ಲ ಇದು, ಪಾಸ್‌ವರ್ಡ್ ಪ್ರಶ್ನೆ. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿ ಮಾತ್ರ ಕಾಣುತ್ತೆ. ಕನ್ನಡ ಲೇಔಟ್ ಚಾಲೂ ಇದ್ರೆ ನೀವು ಒತ್ತಿದ್ದು ಸರಿ, ಹೋದದ್ದು ತಪ್ಪು. ‘ಪಾಸ್‌ವರ್ಡ್ ಮರೆತುಹೋಯ್ತು’ ಅಂತ ಇಡೀ ಸಿಸ್ಟಂ ಅಳಿಸೋಕೆ ಹೊರಡೋ ಮುಂಚೆ ಪರದೆ ಮೇಲ್ತುದಿಯ ಭಾಷೆ ಗುರುತು ನೋಡಿ. ಅಂದಹಾಗೆ, ಇಂಗ್ಲಿಷ್ ಲೇಔಟ್‌ಗಳಲ್ಲಿ ‘ಇಂಡಿಯಾ, ವಿತ್ ರುಪೀ’ ಅನ್ನೋದನ್ನ ಆರಿಸಿದ್ರೆ ಬಲಗಡೆಯ ಆಲ್ಟ್ ಜೊತೆ 4 ಒತ್ತಿ ₹ ಬರಿಸಬಹುದು.

ಮನೆಮಂದಿಗೆಲ್ಲ ಒಂದೇ ಲ್ಯಾಪ್‌ಟಾಪ್ ಅಂದ್ರೆ ಪ್ರತ್ಯೇಕ ಅಕೌಂಟ್ ಮಾಡಿ. ಈ ಆಯ್ಕೆಗಳೆಲ್ಲ ಆಯಾ ಅಕೌಂಟ್‌ಗೆ ಸೇರಿದ್ದು, ಅಣ್ಣನ ಇನ್‌ಸ್ಕ್ರಿಪ್ಟ್ ನಿಮ್ಮ ಕಗಪಕ್ಕೆ ಅಡ್ಡ ಬರಲ್ಲ. ಅವು ಕೂತಿರೋದು ನಿಮ್ಮ ಹೋಮ್ ಫೋಲ್ಡರ್‌ನಲ್ಲೇ, ‘ಡಾಟ್ ಕಾನ್ಫಿಗ್’ ಅನ್ನೋ ಅಡಗಿದ ಫೋಲ್ಡರ್ ಒಳಗೆ. ಫೈಲ್ಸ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿದ್ರೆ ಕಾಣುತ್ತೆ. ಬ್ಯಾಕಪ್ ತಗೊಳ್ಳುವಾಗ ಇದನ್ನೂ ಸೇರಿಸಿಕೊಳ್ಳಿ.

ಹೆಸರು ಬರೆಯುವಾಗ ಇನ್ನೊಂದು ಕಿರಿಕಿರಿ ಇದೆ. ರಾಜ್‌ಕುಮಾರ್ ಅಂತ ಬರೆಯಹೋದ್ರೆ ‘ರಾಜ್ಕುಮಾರ್’ ಅಂತ ಒತ್ತಕ್ಷರ ಕೂತುಬಿಡುತ್ತೆ. ಜ್ ಆದ ಮೇಲೆ, ಕು ಬರೆಯೋ ಮುಂಚೆ, ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಇಂಗ್ಲಿಷ್ ಲೇಔಟ್‌ಗೆ ಬದಲಿಸಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, 200ಸಿ ಟೈಪ್ ಮಾಡಿ, ಎಂಟರ್ ಕೊಡಿ. ಕನ್ನಡಕ್ಕೆ ವಾಪಸ್ ಬಂದು ಮುಂದುವರಿಸಿ. ಉದ್ದ ಆಯ್ತು, ನಿಜ. ಆದರೆ ಅರ್ಜಿಯಲ್ಲಿ ನಿಮ್ಮ ಹೆಸರು ನಿಮ್ಮ ಹೆಸರಾಗೇ ಇರಬೇಕಲ್ಲ!

ಕೊನೆಗೆ, ನುಡಿಯ ಹಳೇ ಫಾಂಟ್‌ಗಳಲ್ಲಿ ಬರೆದಿಟ್ಟ ಫೈಲ್‌ಗಳ ವಿಷಯ. ಅವು ಉಬುಂಟುನಲ್ಲಿ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಂಡ್ರೆ ಅದು ಕೀಬೋರ್ಡ್ ದೋಷ ಅಲ್ಲ, ಆ ಬರಹ ಯೂನಿಕೋಡ್‌ನಲ್ಲಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನ ಒಮ್ಮೆ ಓದಿ ನೋಡಿ, ಅಲ್ಲಿವರೆಗೆ ಮೂಲ ಫೈಲ್ ಅಳಿಸಬೇಡಿ.