ಮಕ್ಕಳ ಹತ್ತಿರ ಊರು ಹುಡುಕುವ ಮುನ್ನ



ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದ ಮೇಲೆ, ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯೊಂದರಲ್ಲಿ ಮನೆ ಮಾಡಿಕೊಂಡು ಅವರಿಗೆ ಹತ್ತಿರವಿರೋಣ ಎಂಬ ಯೋಚನೆ ನಮ್ಮ ಅನೇಕ ಬೆಳೆಗಾರರಲ್ಲಿದೆ. ಯೋಚನೆ ತಪ್ಪಲ್ಲ, ಆತುರ ತಪ್ಪು.

ಮೊದಲನೆಯದು ನೀರು. ಹೊಳೆ, ಹಳ್ಳಗಳ ನಡುವೆ ಬೆಳೆದ ನಮಗೆ ಅಲ್ಲಿ ಕೊಳವೆ ಬಾವಿಯೇ ಗತಿ. ಏಪ್ರಿಲ್ ತಿಂಗಳಲ್ಲಿ ಹೋಗಿ ನೆರೆಯವರ ಬಾವಿಯ ಸ್ಥಿತಿ ವಿಚಾರಿಸಿರಿ. ಎರಡನೆಯದಾಗಿ, ನಾಳೆ ಮಗ ಬೇರೆ ಊರಿಗೆ ಹೋದರೂ ನೀವಿಬ್ಬರೇ ಬಾಳಬಹುದೇ ಎಂದು ನೋಡಿರಿ: ಆಸ್ಪತ್ರೆ, ಬಸ್ಸು, ಮಾತಿಗೆ ನಾಲ್ಕು ಜನ. ಒಂದು ವರ್ಷ ಬಾಡಿಗೆಗೆ ಇದ್ದು ನೋಡುವುದು ಲೇಸು. ಅಲ್ಲಿಯವರೆಗೆ ತೋಟ ಮಾರಬೇಡಿರಿ.

ಎಲ್ಲಕ್ಕಿಂತ ಮುಖ್ಯವಾದುದು ಕಾಗದಪತ್ರ. ಉಯಿಲನ್ನು ಬದುಕಿರುವವರೆಗೂ ಬದಲಿಸಬಹುದು. ನೋಂದಣಿಯಾದ ದಾನಪತ್ರವನ್ನು ಮನಬಂದಂತೆ ಹಿಂಪಡೆಯಲಾಗದು. ದಾನಪತ್ರವನ್ನೇ ಮಾಡುವುದಾದರೆ, ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲಿಯೇ ಬರೆಸಿರಿ. 60 ತುಂಬಿದವರು ಹೀಗೆ ಬರೆಸಿದ ಷರತ್ತು ಮುರಿದುಬಿದ್ದರೆ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನ ಪ್ರಕಾರ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ಪತ್ರವನ್ನು ರದ್ದುಪಡಿಸಬಹುದು.

ಇದು ಮಕ್ಕಳ ಮೇಲಿನ ಅಪನಂಬಿಕೆಯಲ್ಲ. ಸಂಘದಲ್ಲಿ ಸಾಲ ಪಡೆಯುವಾಗ ನಾವೆಲ್ಲರೂ ಪತ್ರಕ್ಕೆ ಸಹಿ ಹಾಕುತ್ತೇವೆ. ಅದರಿಂದ ನಮ್ಮ ವಿಶ್ವಾಸವೇನೂ ಕೆಟ್ಟಿಲ್ಲ.

— ಕಾರ್ಯದರ್ಶಿ